‘ಉಮೇದು’ ಮತ್ತು ‘ಬೇಜಾರು’: ಗಡಿ ಶಾಲೆಗಳಲ್ಲಿ ಆತ್ಮಹತ್ಯಾ ತಡೆಯ ಭಾಷೆ

2023ರ ಅಕ್ಟೋಬರಿನಲ್ಲಿ ಕೇಂದ್ರ ಶಿಕ್ಷಣ ಸಚಿವಾಲಯವು ‘ಉಮ್ಮೀದ್’ ಎಂಬ ಹೆಸರಿನ ಕರಡು ಮಾರ್ಗಸೂಚಿಯನ್ನು ಪ್ರಕಟಿಸಿತು. ಹದಿಹರೆಯದ ಮಕ್ಕಳ ಆತ್ಮಹತ್ಯೆಯನ್ನು ತಡೆಯಲು ಶಾಲೆಗಳು ತಾವಾಗಿ ಏನೇನು ಮಾಡಬಹುದೆಂಬುದನ್ನು ಅದು ವಿವರಿಸುತ್ತದೆ. ಹೆಸರೇನೋ ಆರು ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಪೋಣಿಸಿ ಕಟ್ಟಿದ್ದು. ಕಿವಿಗೆ ಮಾತ್ರ ಅದು ಹಿಂದಿ-ಉರ್ದುಗಳ ‘ಭರವಸೆ’. ಅದೇ ಪಾರಸಿ ಪದ ಕನ್ನಡಕ್ಕೆ ‘ಉಮೇದು’ ಆಗಿ ಬಂದು ಬಹುಕಾಲವಾಗಿದೆ. ಇಲ್ಲಿ ಅದಕ್ಕೆ ಭರವಸೆಗಿಂತ ಹೆಚ್ಚಾಗಿ ಹುರುಪು, ಉತ್ಸಾಹ ಎಂಬ ಅರ್ಥ. ಚುನಾವಣೆಗೆ ನಿಲ್ಲುವವರು ಉಮೇದುವಾರರಾದದ್ದೂ ಈ ಪದದ ದಾರಿಯಿಂದಲೇ. ಇಷ್ಟು ಸಣ್ಣ ಅರ್ಥಭೇದವನ್ನು ಎತ್ತಿಕೊಳ್ಳುವುದು ಪಂಡಿತರ ಆಟವಾಗಿ ತೋರಬಹುದು. ಆದರೆ ಮಾತಿನ ಮೂಲಕವೇ ನಡೆಯಬೇಕಾದ ಕೆಲಸದಲ್ಲಿ, ಒಂದು ಭಾಷೆಯಿಂದ ಇನ್ನೊಂದಕ್ಕೆ ಸಾಗುವ ಪದ ದಾರಿಯಲ್ಲಿ ಏನನ್ನು ಕಳೆದುಕೊಂಡಿತು, ಏನನ್ನು ಗಳಿಸಿತು ಎಂಬ ಪ್ರಶ್ನೆ ಆಟದ ಮಾತಾಗಿ ಉಳಿಯುವುದಿಲ್ಲ.

ಮಾರ್ಗಸೂಚಿ ಮೇಲ್ಮೇಲಿನ ದಾಖಲೆಯಲ್ಲ. ಖಾಲಿ ತರಗತಿಗಳಿಗೆ ಬೀಗ ಹಾಕಬೇಕು, ಕತ್ತಲೆಯ ಕಾರಿಡಾರುಗಳಿಗೆ ದೀಪ ಹಾಕಿಸಬೇಕು, ಗಿಡಗಂಟಿ ಬೆಳೆದ ಜಾಗಗಳನ್ನು ಸ್ವಚ್ಛಗೊಳಿಸಬೇಕು ಎಂಬಷ್ಟು ವಿವರಕ್ಕೆ ಅದು ಇಳಿಯುತ್ತದೆ. ಶಾಲೆಯೊಳಗೆ ಮಕ್ಕಳ ಕ್ಷೇಮಕ್ಕಾಗಿಯೇ ಒಂದು ತಂಡ ರಚನೆಯಾಗಬೇಕೆನ್ನುತ್ತದೆ. ಮಗುವಿನ ಮೇಲೆ ತೀವ್ರ ಒತ್ತಡ ತರಬಲ್ಲ ಸ್ಥಿತ್ಯಂತರಗಳನ್ನು ಹೆಸರಿಸುತ್ತದೆ: ಮನೆಯಿಂದ ಶಾಲೆಗೆ, ಒಂದು ಶಾಲೆಯಿಂದ ಇನ್ನೊಂದಕ್ಕೆ, ಶಾಲೆಯಿಂದ ಕಾಲೇಜಿಗೆ, ತಂದೆತಾಯಿ ಅಥವಾ ಒಡಹುಟ್ಟಿದವರ ಅಗಲಿಕೆ. ಈ ಸಾಲಿನಲ್ಲಿ ಒಂದು ಸ್ಥಿತ್ಯಂತರ ಬಿಟ್ಟುಹೋಗಿದೆ. ಮಂಜೇಶ್ವರ ಅಥವಾ ಕುಂಬಳೆಯ ಕನ್ನಡ ಮಾಧ್ಯಮ ಶಾಲೆಯಲ್ಲಿ ಹತ್ತನೆಯ ತರಗತಿ ಮುಗಿಸಿದ ಹುಡುಗಿಯೊಬ್ಬಳು, ಪಠ್ಯ ಇಂಗ್ಲಿಷಿನಲ್ಲೂ ವಿವರಣೆ ಮಲಯಾಳದಲ್ಲೂ ನಡೆಯುವ ಹನ್ನೊಂದನೆಯ ತರಗತಿಗೆ ಕಾಲಿಡುವಾಗ ಶಾಲೆ ಬದಲಾಗುವುದರ ಜೊತೆಗೆ ಅವಳು ಜಾಣೆಯೆನಿಸಿಕೊಂಡಿದ್ದ ಭಾಷೆಯೂ ಕೈಬಿಡುತ್ತದೆ. ತಾಳವಾಡಿಯಲ್ಲಿ ಆ ಜಾಗಕ್ಕೆ ತಮಿಳು ಬರುತ್ತದೆ, ಜತ್ತದಲ್ಲಿ ಮರಾಠಿ, ಮಡಕಶಿರಾದಲ್ಲಿ ತೆಲುಗು. ನಿನ್ನೆಯವರೆಗೆ ತರಗತಿಯಲ್ಲಿ ಮೊದಲು ಕೈಯೆತ್ತುತ್ತಿದ್ದ ಮಗು ಇಂದು ಹಿಂದಿನ ಬೆಂಚಿನಲ್ಲಿ ಮೌನವಾಗಿ ಕೂರುವುದು ಗಡಿನಾಡಿನ ಶಿಕ್ಷಕರಿಗೆ ಹೊಸ ದೃಶ್ಯವಲ್ಲ. ಮಗು ಒಮ್ಮೆಲೇ ಮೌನಿಯಾಗುವುದು, ಗೆಳೆಯರಿಂದ ದೂರ ಸರಿಯುವುದು, ಅಂಕ ಕುಸಿಯುವುದು ಇವೆಲ್ಲ ಇಂಥ ಕೈಪಿಡಿಗಳು ಸಾಮಾನ್ಯವಾಗಿ ಹೇಳುವ ಅಪಾಯದ ಸೂಚನೆಗಳು. ಗಡಿ ಶಾಲೆಯಲ್ಲಿ ಅವೇ ಭಾಷಾಂತರದ ದಿನನಿತ್ಯದ ಚಿಹ್ನೆಗಳೂ ಹೌದು. ಎರಡನ್ನೂ ಬೇರ್ಪಡಿಸಿ ಓದಬಲ್ಲ ಕಣ್ಣನ್ನು ಮಾರ್ಗಸೂಚಿ ಶಿಕ್ಷಕನಿಗೆ ಕೊಡುವುದಿಲ್ಲ. ಪರಿಣಾಮ ಎರಡು ಬಗೆಯದಾಗಬಹುದು. ಭಾಷೆಯ ತೊಡಕನ್ನು ಮನೋರೋಗವೆಂದು ಭಾವಿಸಿ ಮಗುವಿಗೆ ಹಣೆಪಟ್ಟಿ ಅಂಟಿಸುವುದು ಒಂದು. ‘ಭಾಷೆ ಬಾರದ್ದಕ್ಕೆ ಸುಮ್ಮನಿದ್ದಾಳೆ, ಸರಿಹೋಗುತ್ತದೆ’ ಎಂದು ನಿಜವಾದ ಸಂಕಟವನ್ನು ದಾಟಿ ಹೋಗುವುದು ಇನ್ನೊಂದು. ಎರಡನೆಯದು ಹೆಚ್ಚು ಅಪಾಯಕಾರಿ.

ಇಂಥ ಕಾರ್ಯಕ್ರಮಗಳಿಗೆ ಹಿನ್ನೆಲೆಯಾಗಿರುವ ಸಂಶೋಧನೆಯನ್ನು ಭಾಷೆಯ ಕಡೆಯಿಂದ ಮರಳಿ ಓದುವುದು ಉಪಯುಕ್ತ. 2015ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾದ, ದಾನುತಾ ವಾಸರ್‌ಮನ್ ಮತ್ತು ಸಂಗಡಿಗರ ಅಧ್ಯಯನ ಯುರೋಪಿನ ಹತ್ತು ದೇಶಗಳ 168 ಶಾಲೆಗಳನ್ನೂ ಹನ್ನೊಂದು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನೂ ಒಳಗೊಂಡಿತ್ತು. ಮೂರು ಬಗೆಯ ಕಾರ್ಯಕ್ರಮಗಳನ್ನು ಅದು ಹೋಲಿಸಿತು. ಒಂದರಲ್ಲಿ ಶಿಕ್ಷಕರಿಗೆ ಅಪಾಯದ ಸೂಚನೆಗಳನ್ನು ಗುರುತಿಸುವ ತರಬೇತಿ. ಇನ್ನೊಂದರಲ್ಲಿ ಪ್ರಶ್ನಾವಳಿಯ ಮೂಲಕ ಮಕ್ಕಳನ್ನು ಗುರುತಿಸಿ ವೃತ್ತಿಪರರ ಬಳಿಗೆ ಕಳುಹಿಸುವ ಕ್ರಮ. ಮೂರನೆಯದರಲ್ಲಿ ವಿದ್ಯಾರ್ಥಿಗಳೇ ಪಾತ್ರಾಭಿನಯ, ಚರ್ಚೆಗಳ ಮೂಲಕ ಮನಸ್ಸಿನ ಆರೋಗ್ಯವನ್ನು ಕುರಿತು ಮಾತನಾಡುವ ಸುಮಾರು ಐದು ಗಂಟೆಗಳ ಕಾರ್ಯಕ್ರಮ. ಒಂದು ವರ್ಷದ ಬಳಿಕ ನೋಡಿದಾಗ ಗಮನಾರ್ಹ ಪರಿಣಾಮ ಕಂಡದ್ದು ಮೂರನೆಯದರಲ್ಲಿ ಮಾತ್ರ. ಹೊಸದಾಗಿ ಆತ್ಮಹತ್ಯಾ ಪ್ರಯತ್ನ ಮಾಡಿದ್ದಾಗಿ ಹೇಳಿಕೊಂಡವರು ಹೋಲಿಕೆಯ ಗುಂಪಿನಲ್ಲಿ ಶೇ. 1.51 ಇದ್ದರೆ ಈ ಗುಂಪಿನಲ್ಲಿ ಶೇ. 0.70. ಸಂಶೋಧಕರು ಇದಕ್ಕೆ ಭಾಷೆಯನ್ನು ಕಾರಣವಾಗಿ ಹೇಳಿಲ್ಲ. ಹೇಳಿದ್ದಾರೆಂದು ಅವರ ಬಾಯಲ್ಲಿ ಮಾತು ತುರುಕುವುದೂ ಸಲ್ಲದು. ಆದರೂ ಪಾತ್ರಾಭಿನಯವೆಂಬುದು ಕೈಪಿಡಿಯ ವಾಕ್ಯವನ್ನು ಮಗು ತನ್ನ ವಾಕ್ಯವನ್ನಾಗಿ ಮಾಡಿಕೊಳ್ಳಲೇಬೇಕಾದ ಪ್ರಕಾರ. ಪ್ರಶ್ನಾವಳಿಯಲ್ಲಿ ಮಗು ಪರರ ಪದಕ್ಕೆ ಗುರುತು ಹಾಕುತ್ತದೆ. ಅಭಿನಯದಲ್ಲಿ ತನ್ನ ಪದವನ್ನು ಹುಡುಕಿಕೊಳ್ಳಬೇಕಾಗುತ್ತದೆ. ಈ ವ್ಯತ್ಯಾಸವನ್ನು ಗಡಿ ಶಾಲೆಗಳ ಅಧ್ಯಯನಕಾರರು ಗಮನಿಸದೆ ಬಿಡಲಾಗದು.

ಶಿಕ್ಷಕರ ತರಬೇತಿಯನ್ನು ಕುರಿತ ಇನ್ನೊಂದು ಅಧ್ಯಯನ 2008ರದು. ಅಮೆರಿಕದ ಜಾರ್ಜಿಯಾದ 32 ಶಾಲೆಗಳಲ್ಲಿ ಪೀಟರ್ ವೈಮನ್ ಮತ್ತಿತರರು ನಡೆಸಿದ ಈ ಅಧ್ಯಯನದಲ್ಲಿ ತರಬೇತಿ ಪಡೆದ ಸಿಬ್ಬಂದಿಯ ತಿಳಿವಳಿಕೆ ಸ್ಪಷ್ಟವಾಗಿ ಹೆಚ್ಚಿತು. ಆದರೆ ಮಕ್ಕಳನ್ನು ನಿಜವಾಗಿ ಕೇಳುವ ರೂಢಿ ಹೆಚ್ಚಿದ್ದು ಮೊದಲಿನಿಂದಲೂ ಮಕ್ಕಳೊಡನೆ ಇಂಥ ಮಾತಾಡುತ್ತಿದ್ದವರಲ್ಲಿ ಮುಖ್ಯವಾಗಿ. ತರಬೇತಿ ಸಂಬಂಧವನ್ನು ಹುಟ್ಟಿಸಲಿಲ್ಲ, ಇದ್ದ ಸಂಬಂಧಕ್ಕೆ ಉಪಕರಣವನ್ನು ಕೊಟ್ಟಿತು. ಇಂಗ್ಲಿಷಿನಲ್ಲಿ ಇಂಥ ಸಿಬ್ಬಂದಿಗೆ ‘ಗೇಟ್‌ಕೀಪರ್’ ಎಂದು ಹೆಸರು. ಅದನ್ನು ಅಕ್ಷರಶಃ ಅನುವಾದಿಸಿದರೆ ‘ದ್ವಾರಪಾಲಕ’ ಎಂದಾಗುತ್ತದೆ. ಕನ್ನಡದ ಓದುಗರಿಗೆ ಜಯ-ವಿಜಯರು ನೆನಪಾಗುತ್ತಾರೆ, ಸನಕಾದಿಗಳನ್ನು ಬಾಗಿಲಲ್ಲೇ ತಡೆದು ಶಾಪಕ್ಕೆ ಗುರಿಯಾದವರು. ಒಳಗೆ ಕರೆದುಕೊಳ್ಳಬೇಕಾದವನಿಗೆ ಹೊರಗೆ ನಿಲ್ಲಿಸುವವನ ಹೆಸರು! ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳಿಗೆ ಕನ್ನಡ ಬಾರದ ಶಿಕ್ಷಕರನ್ನು ನೇಮಿಸುವುದರ ವಿರುದ್ಧ ಮಕ್ಕಳೂ ಪೋಷಕರೂ ಮತ್ತೆಮತ್ತೆ ಪ್ರತಿಭಟಿಸಿದ್ದಾರೆ. ಆ ಹೋರಾಟ ಈವರೆಗೆ ಗಣಿತ, ವಿಜ್ಞಾನಗಳ ಪಾಠ ಅರ್ಥವಾಗದು ಎಂಬ ನೆಲೆಯಲ್ಲಿ ನಡೆದಿದೆ. ಅದರ ಇನ್ನೊಂದು ಮುಖ ಚರ್ಚೆಗೆ ಬಂದದ್ದು ಕಡಿಮೆ. ಪಾಠ ಅರ್ಥವಾಗದ ಮಗು ಗೈಡು ಓದಿ ಪಾಸಾದೀತು. ತನ್ನ ಮಾತು ಅರ್ಥವಾಗದ ಶಿಕ್ಷಕನ ಬಳಿಗೆ ಅದು ಸಂಜೆ ಶಾಲೆ ಬಿಟ್ಟ ಮೇಲೆ ಹೋಗಿ ನಿಲ್ಲುವುದಿಲ್ಲ.

ಮಗು ಹೋಗಿ ನಿಂತಿತೆಂದೇ ಇಟ್ಟುಕೊಳ್ಳೋಣ. ಏನೆಂದು ಹೇಳುತ್ತದೆ? ‘ಖಿನ್ನತೆ’ ಎನ್ನುವುದಿಲ್ಲ, ಅದು ವೈದ್ಯಕೀಯ ಅಂಕಣಗಳ ಪದ. ಕನ್ನಡ ಮಾತಾಡುವ ಹದಿಹರೆಯದವರ ಬಾಯಲ್ಲಿ ಮೊದಲು ಬರುವುದು ‘ಬೇಜಾರು’. ಇದೂ ‘ಉಮೇದು’ವಿನಂತೆ ಪಾರಸಿಯಿಂದ ಬಂದದ್ದು. ಕನ್ನಡದಲ್ಲಿ ಇದರ ವ್ಯಾಪ್ತಿ ಅಸಾಧಾರಣ. ಮಳೆಗಾಲದ ಮಧ್ಯಾಹ್ನ ಹೊತ್ತು ಹೋಗದಿದ್ದರೂ ಬೇಜಾರು, ಗೆಳತಿ ಮಾತು ಬಿಟ್ಟರೂ ಬೇಜಾರು, ಸಾವಿನ ಮನೆಯಲ್ಲಿ ಹೇಳುವ ಸಮಾಧಾನವೂ ‘ಬೇಜಾರು ಮಾಡ್ಕೋಬೇಡಿ’. ಬದುಕೇ ಸಾಕೆನ್ನಿಸಿದಾಗಲೂ ಪದ ಅದೇ. ಕನ್ನಡ ಬಲ್ಲ ಶಿಕ್ಷಕಿಗೂ ಇದರೊಳಗಿನ ತೂಕವನ್ನು ಅಳೆಯುವುದು ಸುಲಭವಲ್ಲ. ಧ್ವನಿ, ವಿರಾಮ, ವಾಕ್ಯದ ಉಳಿದರ್ಧ ಇವುಗಳಿಂದ ಊಹಿಸಬೇಕು.

ಗಡಿಯಲ್ಲಿ ತೊಡಕು ಇಮ್ಮಡಿಯಾಗುತ್ತದೆ, ಏಕೆಂದರೆ ಅದೇ ಪದ ಆಚೆಯ ಭಾಷೆಯಲ್ಲೂ ಇದೆ, ಬೇರೆ ಅರ್ಥದಲ್ಲಿ. ಉತ್ತರ ಕೇರಳದ ಆಡು ಮಲಯಾಳದಲ್ಲಿ ‘ಬೇಜಾರ್’ ಎಂದರೆ ಆತಂಕ, ಗಾಬರಿ. ಮರಾಠಿಯ ‘ಬೇಜಾರ್’ ರೋಸಿಹೋದ, ಕಾಟದಿಂದ ಹೈರಾಣಾದ ಸ್ಥಿತಿ. ತೆಲುಗಿನಲ್ಲಿ ‘ಬೇಜಾರೆತ್ತು’ ಎಂದರೆ ಹೆದರಿ ಕಂಗಾಲಾಗುವುದು. ಚೆನ್ನೈಯ ಬೀದಿ ತಮಿಳಿನಲ್ಲಿ ‘ಪೇಜಾರ್’ ತಲೆನೋವು, ಕಿರಿಕಿರಿ. ಹೀಗಾಗಿ ಮಗುವಿನ ‘ಬೇಜಾರು’ ಆಪ್ತಸಮಾಲೋಚಕರಿಗೆ ಅರ್ಥವಾಗಲಿಲ್ಲ ಎನ್ನುವಂತಿಲ್ಲ. ಅರ್ಥವಾಗದ ಪದವಾಗಿದ್ದರೆ ‘ಹಾಗೆಂದರೇನು?’ ಎಂದು ಕೇಳುತ್ತಿದ್ದರು. ಪರಿಚಿತವೆಂದು ತೋರುವುದೇ ಇಲ್ಲಿ ಮೋಸ. ಬದುಕಿನ ಬಗ್ಗೆ ದಣಿವನ್ನು ಹೇಳಿಕೊಂಡ ಹುಡುಗನಿಗೆ ‘ಗಾಬರಿ ಬೇಡ, ಎಲ್ಲ ಸರಿಹೋಗುತ್ತದೆ’ ಎಂಬ ಉತ್ತರ ಸಿಕ್ಕಾಗ ಅವನು ತನಗೆ ಕಿವಿಯೊಂದು ಸಿಕ್ಕಿತೆಂದು ಭಾವಿಸುವನೇ, ಇಲ್ಲವೆಂದೇ? ಜತ್ತ, ಅಕ್ಕಲಕೋಟೆಗಳ ಕಡೆಯ ಮಕ್ಕಳು ‘ಬ್ಯಾಸರ’ ಎಂದಾರು, ‘ಸಾಕಾಗೇದ’ ಎಂದಾರು. ಅಲ್ಲಿ ಪದ ಪರಿಚಿತವೆನಿಸುವ ಮೋಸವಾದರೂ ಇರುವುದಿಲ್ಲ. ಖಿನ್ನತೆಯ ಪ್ರಮಾಣವನ್ನು ಅಳೆಯುವ ಪ್ರಶ್ನಾವಳಿಗಳ ಅನುವಾದಗಳು ಪುಸ್ತಕದ ಭಾಷೆಯನ್ನು ನೆಚ್ಚಿಕೊಂಡಷ್ಟೂ ಈ ಪದರವನ್ನು ತಲುಪುವುದು ಕಷ್ಟ.

ನೇರವಾಗಿ ಕೇಳುವುದು ಅಪಾಯಕಾರಿ ಎಂಬ ಭಯ ಶಿಕ್ಷಕರಲ್ಲಿ ಇನ್ನೂ ಬಲವಾಗಿದೆ. ಕೇಳಿದರೆ ಇಲ್ಲದ ಆಲೋಚನೆಯನ್ನು ಬಿತ್ತಿದಂತಾಗುತ್ತದೆಂಬುದು ಆ ಭಯ. ಮೇಡ್ಲಿನ್ ಗೂಲ್ಡ್ ಮತ್ತು ಸಂಗಡಿಗರು ನ್ಯೂಯಾರ್ಕ್ ರಾಜ್ಯದ ಆರು ಪ್ರೌಢಶಾಲೆಗಳ 2,342 ವಿದ್ಯಾರ್ಥಿಗಳಲ್ಲಿ ಇದನ್ನು ಪರೀಕ್ಷಿಸಿ 2005ರಲ್ಲಿ ಪ್ರಕಟಿಸಿದ ಫಲಿತಾಂಶ ಆ ಭಯಕ್ಕೆ ಆಧಾರವಿಲ್ಲವೆಂದಿತು. ಕೇಳಲ್ಪಟ್ಟ ಮಕ್ಕಳಲ್ಲಿ ಸಂಕಟವಾಗಲಿ ಆತ್ಮಹತ್ಯೆಯ ಆಲೋಚನೆಯಾಗಲಿ ಹೆಚ್ಚಲಿಲ್ಲ. ಹಾಗಾದರೆ ಕೇಳಬೇಕು. ಕನ್ನಡದಲ್ಲಿ ಹೇಗೆ ಕೇಳುವುದು? ‘ನಿನಗೆ ಆತ್ಮಹತ್ಯೆಯ ಆಲೋಚನೆಗಳು ಬರುತ್ತಿವೆಯೇ?’ ಎಂಬ ವಾಕ್ಯದಲ್ಲಿ ವ್ಯಾಕರಣದ ತಪ್ಪೇನೂ ಇಲ್ಲ, ಮನುಷ್ಯರೂ ಇಲ್ಲ. ‘ಸಾಯಬೇಕು ಅಂತ ಅನ್ನಿಸಿದ್ದುಂಟಾ?’ ಎಂದು ಕಾಸರಗೋಡಿನ ಶಿಕ್ಷಕಿಯೊಬ್ಬರು ಮೆಲ್ಲಗೆ ಕೇಳಿದರೆ ಅದು ಮಗುವಿಗೆ ತಲುಪುತ್ತದೆ. ತರಬೇತಿ ಪುಸ್ತಿಕೆಗಳು ಕೊಡಬೇಕಾದದ್ದು ಈ ಎರಡನೆಯ ವಾಕ್ಯವನ್ನು, ಅದೂ ಪ್ರತಿಯೊಂದು ಪ್ರದೇಶದ ನುಡಿಯಲ್ಲಿ.

‘ಆತ್ಮಹತ್ಯೆ’ ಎಂಬ ಪದವೇ ಇನ್ನಷ್ಟು ವಿಚಾರಕ್ಕೆ ಅರ್ಹ. ಇಂಗ್ಲಿಷ್ ಕೈಪಿಡಿಗಳು ‘ಕಮಿಟ್’ ಎಂಬ ಕ್ರಿಯಾಪದವನ್ನು ಬಿಡಬೇಕೆನ್ನುತ್ತವೆ, ಅದರಲ್ಲಿ ಅಪರಾಧದ ವಾಸನೆಯಿದೆಯೆಂದು. ಈ ಸಲಹೆಯನ್ನು ಕನ್ನಡಕ್ಕೆ ಹಾಗೆಯೇ ಇಳಿಸಿದರೆ ಅರ್ಥಹೀನ. ಕನ್ನಡದ ‘ಮಾಡಿಕೊಳ್ಳು’ ನಿರಪಾಯವಾದ ಕ್ರಿಯಾಪದ. ಅಪರಾಧ ಕುಳಿತಿರುವುದು ‘ಹತ್ಯೆ’ ಎಂಬ ನಾಮಪದದಲ್ಲಿ. ಮಲಯಾಳ, ತೆಲುಗು, ಮರಾಠಿಗಳಿಗೂ ಇದೇ ಸಂಸ್ಕೃತ ಪದ. ತಮಿಳಿನ ‘ತರ್ಕೊಲೈ’ಯಲ್ಲಿಯೂ ಕೊಲೆ ಇದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯಿದೆಯ 115ನೆಯ ಕಲಮು ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕೆನ್ನುತ್ತದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಹಳೆಯ 309ನೆಯ ಕಲಮು ಉಳಿದಿಲ್ಲ. ಕಾನೂನು ಬಿಟ್ಟುಕೊಟ್ಟ ಅಪರಾಧಭಾವವನ್ನು ಭಾಷೆ ಹೊತ್ತುಕೊಂಡೇ ಇದೆ.

ಕನ್ನಡ ಪತ್ರಿಕೆಗಳು ಇದಕ್ಕೆ ಕೂಡಿಸಿಕೊಂಡ ನುಡಿಗಟ್ಟು ಇನ್ನೂ ವಿಚಿತ್ರ: ‘ಆತ್ಮಹತ್ಯೆಗೆ ಶರಣು’. ಶೀರ್ಷಿಕೆಯ ಜಾಗಕ್ಕೆ ಚೆನ್ನಾಗಿ ಹೊಂದುವ ಈ ಮೂರಕ್ಷರದ ಪದ ಎಲ್ಲಿಂದ ಬಂತೆಂಬುದನ್ನು ಸೊಲ್ಲಾಪುರದ ಕನ್ನಡಿಗರಿಗೆ ಹೇಳಬೇಕಾಗಿಲ್ಲ. ಸೊನ್ನಲಿಗೆಯ ಸಿದ್ಧರಾಮನ ಊರಿನಲ್ಲಿ ‘ಶರಣು ಶರಣಾರ್ಥಿ’ ಎಂಬುದು ಎದುರಾದವರಿಗೆ ಕೈಮುಗಿದು ಹೇಳುವ ಮಾತು. ಶರಣು ಹೋಗುವುದೆಂದರೆ ಆಶ್ರಯ ಪಡೆಯುವುದು. ಭಯದಿಂದ ಪಾರಾಗಿ ದೊಡ್ಡದೊಂದರ ನೆರಳಿಗೆ ಸೇರುವುದು. ಸಾವನ್ನು ಆಶ್ರಯವೆಂದು ಸೂಚಿಸುವ ಈ ಶೀರ್ಷಿಕೆಯನ್ನು ಹದಿನಾರರ ಹುಡುಗನೊಬ್ಬ ಬೆಳಗಿನ ಪತ್ರಿಕೆಯಲ್ಲಿ ಓದುತ್ತಾನೆ. ಭಾರತೀಯ ಪತ್ರಿಕಾ ಮಂಡಳಿ 2019ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರಗಳನ್ನು ಅನುಸರಿಸಿ ಆತ್ಮಹತ್ಯೆಯ ವರದಿಗಾರಿಕೆಗೆ ನಿಯಮಗಳನ್ನು ರೂಪಿಸಿತು. ರೋಚಕತೆ ಬೇಡ, ವಿಧಾನದ ವಿವರ ಬೇಡ, ಅದನ್ನು ಸಮಸ್ಯೆಗೆ ಪರಿಹಾರವೆಂಬಂತೆ ಬಿಂಬಿಸಬೇಡಿ ಎಂಬುದು ಅವುಗಳ ಸಾರ. ‘ಶರಣು’ ಈ ಕೊನೆಯ ನಿಯಮವನ್ನು ದಿನವೂ ಮುರಿಯುತ್ತದೆ, ಮುರಿಯುತ್ತಿದೆಯೆಂದು ಯಾರಿಗೂ ಅನ್ನಿಸದಂತೆ. ಇಂಗ್ಲಿಷಿನಲ್ಲಿ ರಚಿತವಾದ ನಿಯಮ ಕನ್ನಡದ ತಪ್ಪನ್ನು ಕಾಣಲಾರದು. ಕನ್ನಡದ ವಿಮರ್ಶೆ ಕಾಣಬೇಕಾಗಿತ್ತು.

ಇಷ್ಟರಿಂದ, ಎಲ್ಲ ಸಾಮಗ್ರಿಯನ್ನೂ ಕನ್ನಡಕ್ಕೆ ಅನುವಾದಿಸಿ ಗಡಿ ಶಾಲೆಗಳಿಗೆ ಹಂಚಿದರೆ ಸಾಕೆಂಬ ತೀರ್ಮಾನಕ್ಕೆ ಬರುವುದು ಸುಲಭ. ಗಡಿನಾಡಿನ ಕನ್ನಡ ಸಂಘಟನೆಗಳಿಗೆ ಅದು ಪ್ರಿಯವೂ ಹೌದು. ಆದರೆ ಮಂಜೇಶ್ವರದ ಕನ್ನಡ ಮಾಧ್ಯಮದ ಮಗು ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಬ್ಯಾರಿಯನ್ನೋ ಹವ್ಯಕ ಕನ್ನಡವನ್ನೋ ಮಾತಾಡುತ್ತಿರಬಹುದು. ನೀಲಗಿರಿಯಲ್ಲಿ ಬಡಗ, ತಾಳವಾಡಿಯ ಕಾಡಂಚಿನಲ್ಲಿ ಸೋಲಿಗರ ನುಡಿ. ಇವರಿಗೆ ಗ್ರಾಂಥಿಕ ಕನ್ನಡ ಶಾಲೆಯ ಭಾಷೆ, ಪ್ರತಿಷ್ಠೆಯ ಭಾಷೆ, ಹಕ್ಕಿನ ಭಾಷೆ, ಅಳುವ ಭಾಷೆಯಾಗಿರಲೇಬೇಕೆಂದಿಲ್ಲ. ಭಾಷಾ ಅಲ್ಪಸಂಖ್ಯಾತರ ಪರವಾದ ವಾದ ತನ್ನೊಳಗಿನ ಅಲ್ಪಸಂಖ್ಯಾತ ನುಡಿಗಳನ್ನು ಮರೆತರೆ ತಾನು ಆಕ್ಷೇಪಿಸುವ ತಪ್ಪನ್ನೇ ಮಾಡಿದಂತಾಗುತ್ತದೆ.

ಕನ್ನಡಕ್ಕೆ ಈ ಕೆಲಸಕ್ಕೆ ಬೇಕಾದ ಗದ್ಯ ಇಲ್ಲವೆಂದಲ್ಲ. ‘ರಾಶಿ’ ಎಂದೇ ಹೆಸರಾದ, ನಗೆಬರಹಗಾರರೂ ವೈದ್ಯರೂ ಆಗಿದ್ದ ಎಂ. ಶಿವರಾಂ ಅವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು, ಮನಸ್ಸಿನ ಕಾಯಿಲೆಗಳನ್ನು ಕುರಿತ ಪುಸ್ತಕಕ್ಕೆ ಸಾಹಿತ್ಯದ ಮನ್ನಣೆ ಸಿಕ್ಕದ್ದು ಸಣ್ಣ ಸಂಗತಿಯಲ್ಲ. ನಿಮ್ಹಾನ್ಸ್‌ನಲ್ಲಿ ಪ್ರಾಧ್ಯಾಪಕರಾಗಿದ್ದ ಸಿ. ಆರ್. ಚಂದ್ರಶೇಖರ್ ದಶಕಗಳ ಕಾಲ ಸರಳ ಕನ್ನಡದಲ್ಲಿ, ಓದುಗರ ಪಕ್ಕದಲ್ಲಿ ಕುಳಿತು ಮಾತಾಡಿದಂತೆ, ಮನಸ್ಸಿನ ಬಗ್ಗೆ ಬರೆದರು. ಸರಕಾರಿ ಕೈಪಿಡಿಗಳು ಅನುವಾದವಾಗುವಾಗ ಈ ಪರಂಪರೆಯತ್ತ ತಿರುಗಿ ನೋಡುವುದಿಲ್ಲ. ಇಂಗ್ಲಿಷ್ ವಾಕ್ಯದ ಬೆನ್ನು ಹತ್ತುತ್ತವೆ.

ಭಾಷೆಯ ಪ್ರಶ್ನೆ ಸಮಾಲೋಚನೆಯ ಕೋಣೆಯಲ್ಲಿ ಮುಗಿಯುವುದಿಲ್ಲ, ಪರೀಕ್ಷೆಯ ಕೋಣೆಗೂ ಹರಿಯುತ್ತದೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ 2022ರಲ್ಲಿ ದಾಖಲಿಸಿದ 1,70,924 ಆತ್ಮಹತ್ಯೆಗಳಲ್ಲಿ 13,044 ವಿದ್ಯಾರ್ಥಿಗಳವು. ವಯಸ್ಸು, ಲಿಂಗ, ಶಿಕ್ಷಣ, ಉದ್ಯೋಗ ಎಲ್ಲಕ್ಕೂ ಅಲ್ಲಿ ಕೋಷ್ಟಕಗಳಿವೆ, ತಾಯ್ನುಡಿಗೆ ಇಲ್ಲ. ಹೀಗಾಗಿ ಗಡಿನಾಡಿನ ಮಕ್ಕಳ ಸ್ಥಿತಿ ಉಳಿದವರಿಗಿಂತ ಕೆಟ್ಟದಾಗಿದೆ ಎಂದು ಅಂಕಿಗಳ ಬಲದಿಂದ ಯಾರೂ ಸಾಧಿಸಲಾರರು, ಹಾಗೇನೂ ಇಲ್ಲವೆಂದೂ ಸಾಧಿಸಲಾರರು. ‘ಪರೀಕ್ಷೆಯಲ್ಲಿ ಅನುತ್ತೀರ್ಣ’ ಎಂಬ ಒಂದೇ ಕಾರಣದ ಕೆಳಗೆ ಒಂದು ಜೀವವನ್ನು ಬರೆದುಬಿಡುವ ಪದ್ಧತಿಯೂ ಸಂಶಯಾಸ್ಪದ. ಯಾವ ಆತ್ಮಹತ್ಯೆಗೂ ಕಾರಣ ಒಂದೇ ಇರುವುದಿಲ್ಲ, ಮತ್ತು ಆ ಒಂದು ಸಾಲನ್ನು ಬರೆಯುವವರು ಪೊಲೀಸರು, ರಾಜ್ಯದ ಆಡಳಿತ ಭಾಷೆಯಲ್ಲಿ.

ಆದರೂ ಪರೀಕ್ಷೆಯ ವ್ಯವಸ್ಥೆಯನ್ನೇ ಬದಲಿಸುವುದು ಯಾವ ಪುಸ್ತಿಕೆಗಿಂತಲೂ ಪರಿಣಾಮಕಾರಿಯಾಗಬಲ್ಲದೆಂಬುದಕ್ಕೆ ತಮಿಳುನಾಡು ನಿದರ್ಶನ. 1986ರಲ್ಲಿ ಚೆನ್ನೈಯಲ್ಲಿ ‘ಸ್ನೇಹಾ’ ಸಂಸ್ಥೆಯನ್ನು ಕಟ್ಟಿದ ಮನೋವೈದ್ಯೆ ಲಕ್ಷ್ಮೀ ವಿಜಯಕುಮಾರ್ ಮತ್ತು ಸಂಗಡಿಗರು ಒತ್ತಾಯಿಸಿದ ಪೂರಕ ಪರೀಕ್ಷೆಯ ಪದ್ಧತಿ ಅಲ್ಲಿ ಈ ಶತಮಾನದ ಆರಂಭದ ವರ್ಷಗಳಲ್ಲೇ ಜಾರಿಗೆ ಬಂತು. ನಪಾಸಾದ ಮಗು ವರ್ಷ ಕಳೆದುಕೊಳ್ಳದೆ ಬೇಗನೆ ಮತ್ತೆ ಬರೆಯಬಹುದು. ಇದಕ್ಕೆ ಸಮಾಲೋಚಕ ಬೇಡ, ಅನುವಾದ ಬೇಡ. ಇದಕ್ಕೆ ವಿರುದ್ಧದ ಉದಾಹರಣೆ ತೆಲಂಗಾಣದ್ದು. 2019ರ ಏಪ್ರಿಲಿನಲ್ಲಿ ಅಲ್ಲಿನ ಇಂಟರ್‌ಮೀಡಿಯಟ್ ಫಲಿತಾಂಶಗಳಲ್ಲಿ ದೋಷಗಳು ಕಂಡುಬಂದವು. ಫಲಿತಾಂಶದ ಬೆನ್ನಿಗೇ ಇಪ್ಪತ್ತಕ್ಕೂ ಹೆಚ್ಚು ವಿದ್ಯಾರ್ಥಿಗಳು ಸತ್ತ ವರದಿಗಳು ಬಂದ ಬಳಿಕ ಸರಕಾರ ಅನುತ್ತೀರ್ಣರಾದವರೆಲ್ಲರ ಉತ್ತರಪತ್ರಿಕೆಗಳನ್ನು ಉಚಿತವಾಗಿ ಮರುಪರಿಶೀಲಿಸಲು ಆದೇಶಿಸಿತು. ಅಂಥಲ್ಲಿ ಮಕ್ಕಳಿಗೆ ‘ಒತ್ತಡ ನಿರ್ವಹಣೆ’ಯನ್ನು ಕಲಿಸುವ ಮಾತು ವ್ಯವಸ್ಥೆಯ ಹೊಣೆಯನ್ನು ಮಗುವಿನ ಹೆಗಲಿಗೆ ದಾಟಿಸುವ ಉಪಾಯವಾಗಿ ಮಾತ್ರ ಕೇಳಿಸುತ್ತದೆ.

ತಮಿಳುನಾಡಿನ ಸುಧಾರಣೆಯೂ ಹೊಸೂರು, ತಾಳವಾಡಿಗಳ ಮಟ್ಟಿಗೆ ಅರ್ಧವೇ. 2006ರ ತಮಿಳು ಕಲಿಕೆ ಕಾಯಿದೆ ಒಂದನೆಯ ತರಗತಿಯಿಂದ ವರ್ಷಕ್ಕೊಂದರಂತೆ ಮೇಲೇರಿ 2015-16ರಲ್ಲಿ ಹತ್ತನೆಯ ತರಗತಿಯನ್ನು ಮುಟ್ಟಿತು. ಭಾಷಾ ಅಲ್ಪಸಂಖ್ಯಾತ ವಿದ್ಯಾರ್ಥಿಗಳ ವಿನಾಯಿತಿಗಾಗಿ ಮದ್ರಾಸ್ ಹೈಕೋರ್ಟಿನ ಮೊರೆಹೋಗಬೇಕಾಯಿತು. ಮಗು ಎಡವಿದ್ದೇ ಕಡ್ಡಾಯ ಭಾಷೆಯ ಪತ್ರಿಕೆಯಲ್ಲಾದರೆ ಪೂರಕ ಪರೀಕ್ಷೆ ಅದೇ ಕಲ್ಲನ್ನು ಒಂದು ತಿಂಗಳ ಬಳಿಕ ಮತ್ತೆ ಅದರ ಕಾಲಬುಡದಲ್ಲಿ ಇಡುತ್ತದೆ. ಕೇರಳದಲ್ಲಿ 2017ರಲ್ಲಿ, ತೆಲಂಗಾಣದಲ್ಲಿ 2018ರಲ್ಲಿ, ಮಹಾರಾಷ್ಟ್ರದಲ್ಲಿ 2020ರಲ್ಲಿ ಇಂಥವೇ ಕಾಯಿದೆಗಳು ಬಂದವು. ಕರ್ನಾಟಕದ ಕನ್ನಡ ಭಾಷಾ ಕಲಿಕೆ ಕಾಯಿದೆ 2015ರದು ಎಂಬುದನ್ನೂ ಇಲ್ಲಿಯೇ ನೆನೆಯಬೇಕು. ಬೆಳಗಾವಿಯ ಮರಾಠಿ ಮಗುವಿನ ಬೇಜಾರಿಗೂ ಕಿವಿ ಬೇಕು. ಈ ಕಾಯಿದೆಗಳ ರಾಜಕೀಯ ಸಮರ್ಥನೆ ಏನೇ ಇರಲಿ, ಅವುಗಳನ್ನು ರೂಪಿಸುವಾಗ ಮಕ್ಕಳ ಮಾನಸಿಕ ಆರೋಗ್ಯದ ಪ್ರಶ್ನೆ ಮೇಜಿನ ಮೇಲೆ ಬರುವುದಿಲ್ಲ. ಮಾನಸಿಕ ಆರೋಗ್ಯದ ಮಾರ್ಗಸೂಚಿಗಳನ್ನು ರೂಪಿಸುವಾಗ ಈ ಕಾಯಿದೆಗಳು ಬರುವುದಿಲ್ಲ.

ಸಂವಿಧಾನದ 350ಎ ವಿಧಿ, 1956ರ ಏಳನೆಯ ತಿದ್ದುಪಡಿಯಿಂದ ಸೇರಿದ್ದು, ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ತಾಯ್ನುಡಿಯ ಶಿಕ್ಷಣದ ಸೌಲಭ್ಯವನ್ನು ಪ್ರಾಥಮಿಕ ಹಂತದಲ್ಲಿ ಒದಗಿಸಬೇಕೆನ್ನುತ್ತದೆ. ಅಂದರೆ ಹದಿಹರೆಯ ಆರಂಭವಾಗುವ ಹೊತ್ತಿಗೆ ಆ ರಕ್ಷಣೆಯ ನಿರ್ದೇಶನ ಮುಗಿದಿರುತ್ತದೆ. ಸುಪ್ರೀಂ ಕೋರ್ಟು 2025ರ ಜುಲೈ 25ರಂದು ನೀಡಿದ ತೀರ್ಪಿನಲ್ಲಿ ವಿದ್ಯಾರ್ಥಿಗಳ ಮಾನಸಿಕ ಆರೋಗ್ಯಕ್ಕಾಗಿ 15 ನಿರ್ದೇಶನಗಳಿವೆ. ನೂರು ಅಥವಾ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳು ಅರ್ಹ ಸಮಾಲೋಚಕರನ್ನು ನೇಮಿಸಬೇಕು. ಅದಕ್ಕಿಂತ ಚಿಕ್ಕವು ಹೊರಗಿನ ವೃತ್ತಿಪರರೊಡನೆ ಸಂಪರ್ಕ ಏರ್ಪಡಿಸಿಕೊಳ್ಳಬೇಕು. ಅಂಚಿನಲ್ಲಿರುವ ವಿದ್ಯಾರ್ಥಿಗಳನ್ನು ತೀರ್ಪು ಹೆಸರಿಸಿ ಗುರುತಿಸುತ್ತದೆ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಲೈಂಗಿಕ ಅಲ್ಪಸಂಖ್ಯಾತರು, ಅಂಗವೈಕಲ್ಯವುಳ್ಳವರು ಅಲ್ಲಿದ್ದಾರೆ. ಭಾಷಾ ಅಲ್ಪಸಂಖ್ಯಾತರು ಆ ಸಾಲಿನಲ್ಲಿ ಹೆಸರಾಗಿ ಬಂದಿಲ್ಲ. ಗಡಿಯ ಕನ್ನಡ ಮಾಧ್ಯಮ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿರುವ ಕಳವಳ ಹಳೆಯದು. ನೂರರ ಕೆಳಗಿಳಿದ ಶಾಲೆಗೆ ಸಮಾಲೋಚಕ ಹೊರಗಿನಿಂದಲೇ ಬರಬೇಕು, ಹೊರಗೆ ಎಂದರೆ ಬಹುಮಟ್ಟಿಗೆ ಬೇರೆ ಭಾಷೆಯಿಂದ.

ದೂರವಾಣಿ ಈ ತೊಡಕನ್ನು ಬಿಡಿಸಬೇಕಾಗಿತ್ತು, ಧ್ವನಿಗೆ ರಾಜ್ಯದ ಗಡಿ ಇಲ್ಲವಲ್ಲ. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ-ಮಾನಸ್‌ನ 14416 ಸಂಖ್ಯೆಗೆ ದೇಶದ ಎಲ್ಲಿಂದಲಾದರೂ ಉಚಿತವಾಗಿ, ದಿನದ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಸಂಕಟದಲ್ಲಿರುವ ಯಾವ ಮಗುವಿಗೂ, ಶಿಕ್ಷಕರಿಗೂ ಆ ಸಂಖ್ಯೆ ತಿಳಿದಿರಬೇಕು. ಅದರ ಸೇವೆ 20 ಭಾಷೆಗಳಲ್ಲಿ ಇದೆ, ರಾಜ್ಯಗಳು ಆಯ್ದುಕೊಂಡ ಭಾಷೆಗಳನ್ನು ಆಧರಿಸಿ. ಈ ಕೊನೆಯ ಷರತ್ತಿನಲ್ಲಿ ಗಡಿನಾಡಿನ ಪ್ರಶ್ನೆಯೆಲ್ಲ ಅಡಗಿದೆ. ಭಾಷೆಯನ್ನು ಆಯುವ ಅಧಿಕಾರ ರಾಜ್ಯದ್ದೋ, ಕರೆ ಮಾಡಿದವರದ್ದೋ? ಯೋಜನೆಯ ಮುಖ್ಯ ಕೇಂದ್ರವಾದ ನಿಮ್ಹಾನ್ಸ್ ಇರುವುದು ಬೆಂಗಳೂರಿನಲ್ಲಿ. ಹೊಸೂರಿನಿಂದ ಅಲ್ಲಿಗೆ ಒಂದು ಗಂಟೆಯ ಬಸ್ ಪ್ರಯಾಣ.

ಇಲ್ಲಿಯೂ ಅವಸರದ ಉತ್ತರ ಸಲ್ಲದು. ಅನೆತಾ ಪಾವ್ಲೆಂಕೊ, ಜ್ಯಾಂ-ಮಾರ್ಕ್ ಡವಾಲ್ ಮುಂತಾದವರ ಬಹುಭಾಷಿಕ ಅಧ್ಯಯನಗಳು ತೋರಿಸಿರುವಂತೆ, ಎರಡನೆಯ ಭಾಷೆಯಲ್ಲಿ ಪದಗಳ ಭಾವನಾತ್ಮಕ ತೀವ್ರತೆ ಕೆಲವೊಮ್ಮೆ ಕಡಿಮೆಯಾಗುತ್ತದೆ. ಆ ದೂರವೇ ಹೇಳಲಾಗದ್ದನ್ನು ಹೇಳುವ ಧೈರ್ಯವೂ ಆಗಬಹುದು. ಊರಿನ ಕನ್ನಡ ಮೇಷ್ಟ್ರು ತಂದೆಯ ಪರಿಚಯಸ್ಥರೂ ಆಗಿರುವಲ್ಲಿ, ಮಲಯಾಳದಲ್ಲಿ ಮಾತಾಡುವ ಅಪರಿಚಿತ ಸಮಾಲೋಚಕಿಯ ಬಳಿಯೇ ಹುಡುಗಿಯೊಬ್ಬಳು ಬಾಯಿ ಬಿಡಬಹುದು. ಮನೆಯ ಭಾಷೆಯಲ್ಲೇ ಮನೆಯ ಭಯವೂ ಇರುತ್ತದೆ. ಕನ್ನಡದ ಸಮಾಲೋಚಕರನ್ನು ಕೇಳುವ ಬೇಡಿಕೆ ಇದರಿಂದ ದುರ್ಬಲವಾಗುವುದಿಲ್ಲ. ಆಯ್ಕೆ ಮಗುವಿನ ಕೈಯಲ್ಲಿರಬೇಕೆಂಬ ಮಾತು ಅದಕ್ಕೆ ಕೂಡಿಕೊಳ್ಳುತ್ತದೆ.

ಬಿಹಾರದ ನಳಂದಾ ಜಿಲ್ಲೆಯ 74 ಸರಕಾರಿ ಪ್ರೌಢಶಾಲೆಗಳಲ್ಲಿ ನಡೆದು 2018ರಲ್ಲಿ ಪ್ರಕಟವಾದ ‘ಸೆಹೆರ್’ ಅಧ್ಯಯನ ಈ ದಿಕ್ಕಿನಲ್ಲಿ ಉಪಯುಕ್ತ. ವೃತ್ತಿಪರರಲ್ಲದ, ಅದಕ್ಕಾಗಿಯೇ ತರಬೇತಾದ ಸಾಮಾನ್ಯ ಸಮಾಲೋಚಕರು ನಡೆಸಿದಾಗ ಶಾಲೆಯ ವಾತಾವರಣ ಸುಧಾರಿಸಿ ಖಿನ್ನತೆಯ ಲಕ್ಷಣಗಳು ಇಳಿದವು. ಅದೇ ಕಾರ್ಯಕ್ರಮವನ್ನು ಶಿಕ್ಷಕರು ನಡೆಸಿದಾಗ ಅಂಥ ಪರಿಣಾಮ ಕಾಣಲಿಲ್ಲ. ಗಡಿ ಶಾಲೆಗಳಿಗೆ ಇದರಲ್ಲಿ ಒಂದು ದಾರಿಯಿದೆ. ಎಂ.ಎ. ಓದಿದ ಮನಶ್ಶಾಸ್ತ್ರಜ್ಞರು ಕನ್ನಡ ಬಲ್ಲವರಾಗಿ ಸಿಗುವವರೆಗೆ ಕಾಯಬೇಕಿಲ್ಲ. ಊರಿನ ಎರಡು ಮೂರು ನುಡಿಗಳನ್ನು ಬಲ್ಲ, ಪದವಿ ಮುಗಿಸಿ ಮನೆಯಲ್ಲಿರುವ ಯುವತಿಯೊಬ್ಬರು ತರಬೇತಿ ಪಡೆದು ಈ ಕೆಲಸವನ್ನು ಮಾಡಬಹುದು, ಕಷ್ಟದ ಪ್ರಕರಣಗಳಿಗೆ ಹಿಂದೆ ತಜ್ಞರಿದ್ದರೆ. ಆ ಅಧ್ಯಯನದ ಶಾಲೆಗಳಲ್ಲಿ ಮಕ್ಕಳು ಹೆಸರು ಹೇಳದೆ ಚೀಟಿ ಬರೆದು ಹಾಕುವ ಪೆಟ್ಟಿಗೆಯೊಂದಿತ್ತು. ಗಡಿನಾಡಿನಲ್ಲಿ ಅಂಥ ಪೆಟ್ಟಿಗೆಯ ಮೇಲೆ ಯಾವ ಲಿಪಿಯಲ್ಲಿ ಬರೆಯಬಹುದೆಂಬ ಸೂಚನೆ ಇರಬೇಕಾಗುತ್ತದೆ: ಯಾವುದರಲ್ಲಿಯಾದರೂ. ಒಳಗಿನ ಚೀಟಿಯನ್ನು ಓದಿದವರು ತಮ್ಮ ದಾಖಲೆ ಪುಸ್ತಕದಲ್ಲಿ ಅದರ ಮಲಯಾಳ ಅಥವಾ ಮರಾಠಿ ಸಾರಾಂಶವನ್ನಷ್ಟೇ ಬರೆದುಕೊಳ್ಳದೆ ಮಗು ಬಳಸಿದ ಪದವನ್ನು, ‘ಬೇಜಾರು’ ಎಂದಿದ್ದರೆ ‘ಬೇಜಾರು’ ಎಂದೇ, ‘ಬ್ಯಾಸರ’ ಎಂದಿದ್ದರೆ ‘ಬ್ಯಾಸರ’ ಎಂದೇ, ಮೊದಲ ಕಲಮಿನಲ್ಲಿ ಉಳಿಸಿಕೊಂಡು, ಅರ್ಥವನ್ನು ಮಗುವಿನೊಡನೆ ಮಾತಾಡಿದ ಮೇಲೆ ಎರಡನೆಯ ಕಲಮಿನಲ್ಲಿ ತುಂಬಬೇಕಾಗುತ್ತದೆ.